ಕರಿಬಸಪ್ಪನವರ ಎಡಗೈ ಹೆಬ್ಬೆರಳು

1977ರ ಡಿಸೆಂಬರ್ 9, ಶುಕ್ರವಾರ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಚನ್ನಗಿರಿಯ ಒಂದು ಅಚ್ಚುಕೂಟದಲ್ಲಿ ಕಂಪೋಸಿಟರ್ ಕರಿಬಸಪ್ಪನವರ ಎಡಗೈ ಹೆಬ್ಬೆರಳೊಳಗೆ ಹೊಲಿದಿದ್ದ ಹುರಿ ಎರಡನೆಯ ಬಾರಿ ಕಿತ್ತುಹೋಯಿತು. ಆಗ ಅವರಿಗೆ ಐವತ್ತೆಂಟು ವರ್ಷ. ಮೊದಲ ಬಾರಿ ಅದನ್ನು ಕತ್ತರಿಸಿದ್ದು ಕಾಗದ ಕೊಯ್ಯುವ ಯಂತ್ರದ ಅಲಗು. ಎರಡನೆಯ ಬಾರಿ ಕಿತ್ತವನು ನಾನು. ಡಾಕ್ಟರು ನನ್ನ ಕೈಗೆ ಒಂದು ಮಾತು ಕೊಟ್ಟು ಕಳಿಸಿದ್ದರು. ಅದರಲ್ಲಿ ಅರ್ಧವನ್ನು ನಾನು ತಲುಪಿಸಲಿಲ್ಲ.

ಹನ್ನೊಂದು ವರ್ಷಕ್ಕೂ ಮೇಲಾಯಿತು. ಇದು ಮೂವರಿಗೆ ಮಾತ್ರ ಗೊತ್ತು — ನನಗೆ, ಕರಿಬಸಪ್ಪನವರಿಗೆ, ಅಚ್ಚುಕೂಟದಲ್ಲಿದ್ದ ನಾಗರಾಜನಿಗೆ. ಅವರಿಬ್ಬರೂ ಬಾಯಿ ಬಿಡಲಿಲ್ಲ. ಬಿಡಬೇಕಾದವನು ನಾನಾಗಿದ್ದೆ.

ಆಗ ನನಗೆ ಮೂವತ್ತನಾಲ್ಕು. ಚನ್ನಗಿರಿಯಿಂದ ಹೊರಡುತ್ತಿದ್ದ ಒಂದು ವಾರಪತ್ರಿಕೆಗೆ ನಾನೇ ವರದಿಗಾರ, ನಾನೇ ಉಪಸಂಪಾದಕ, ಕರಡು ತಿದ್ದುವವನೂ ನಾನೇ. ಮಾಲೀಕರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಕರಿಬಸಪ್ಪನವರು ನ್ಯಾಮತಿಯವರು, ಮೂವತ್ತು ವರ್ಷದಿಂದ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದವರು. ನಾಗರಾಜ ಜಗಳೂರಿನವನು, ಅಚ್ಚೊತ್ತುವ ಟ್ರೆಡಲ್ ಯಂತ್ರ ನಡೆಸುವುದು ಅವನ ಕೆಲಸ. ವಾರಕ್ಕೊಂದು ಸಂಚಿಕೆ ಹೊರಡಬೇಕಾದ ಜಾಗದಲ್ಲಿ ಕಾಲ ಬೇರೆ ಥರ ಅಳೆಯಲ್ಪಡುತ್ತದೆ. ನಾವು ವಾರ ಎನ್ನುತ್ತಿರಲಿಲ್ಲ, ಸಂಚಿಕೆ ಎನ್ನುತ್ತಿದ್ದೆವು. 'ಮೊಮ್ಮಗಳಿಗೆ ಇಪ್ಪತ್ತು ಸಂಚಿಕೆ ಆತು, ಮಗ್ಗುಲಾಗಾಕೆ ಹತ್ತೈತೆ' ಎಂದು ಕರಿಬಸಪ್ಪನವರು ಒಮ್ಮೆ ಹೇಳಿದ್ದು ನೆನಪಿದೆ. ಈ ಎಣಿಕೆಯೇ ಮುಂದೆ ಕೆಟ್ಟದ್ದಕ್ಕೆ ಬಳಕೆಯಾಯಿತು.

ಅವರ ಕೆಲಸದ ಬಗ್ಗೆ ಎರಡು ಮಾತು. ನೋಡುವವರಿಗೆ ಕಂಪೋಸಿಟರನ ಬಲಗೈ ಮಾತ್ರ ಕಾಣುತ್ತದೆ. ಅದು ಮೊಳೆ ತುಂಬಿದ ಮರದ ಕೇಸಿನ ಗೂಡುಗಳಿಂದ ಅಕ್ಷರ, ಒತ್ತು, ದೀರ್ಘ ಎಂದು ಹೆಕ್ಕುತ್ತಾ ಹೋಗುತ್ತದೆ. ಆದರೆ ಸಾಲು ನಿಲ್ಲುವುದು ಎಡಗೈಯಲ್ಲಿ. ಮೊಳೆಗಳನ್ನು ಸಾಲಾಗಿ ನಿಲ್ಲಿಸುವ ಸಣ್ಣ ಲೋಹದ ತಟ್ಟೆಯನ್ನು, ಅಂದರೆ ಸ್ಟಿಕ್ಕನ್ನು, ಎಡಗೈ ಹಿಡಿದಿರುತ್ತದೆ. ಹೆಬ್ಬೆರಳು ಬಾಗಿ ಕಡೆಯ ಮೊಳೆಯನ್ನು ಒತ್ತಿಕೊಂಡಿರುತ್ತದೆ. ಆ ಬೆರಳು ಬಾಗದಿದ್ದರೆ ಸಾಲು ಉದುರುತ್ತದೆ. ಅಷ್ಟೇ.

ಆಯುಧಪೂಜೆಯ ದಿನ ನಮ್ಮಲ್ಲಿ ಕಾಗದ ಕೊಯ್ಯುವ ಯಂತ್ರದ ಅಲಗನ್ನು ಬಿಚ್ಚಿ, ಎಣ್ಣೆ ಒರೆಸಿ, ಕುಂಕುಮ ಹಚ್ಚಿ ಪೂಜೆಗಿಡುವ ರೂಢಿ ಇತ್ತು. ಬಿಚ್ಚುವಾಗ ಒಬ್ಬರು ಬೋಲ್ಟು ಸಡಿಲಿಸಬೇಕು, ಇನ್ನೊಬ್ಬರು ಅಲಗನ್ನು ಕೆಳಗಿನಿಂದ ತಾಳಬೇಕು. 1976ರಲ್ಲಿ ತಾಳಿದವನು ನಾಗರಾಜ. ಅಲಗು ಜಾರಿ ಎಡಗೈ ಹೆಬ್ಬೆರಳಿನ ಬುಡ ಕೊಯ್ದಿತು. ಒಳಗಿನ ಹುರಿ ತುಂಡಾಯಿತು. ಜನ ಅದನ್ನು ನರ ಎನ್ನುತ್ತಾರೆ. ಅದು ನರವಲ್ಲ — ಮಾಂಸವನ್ನು ಎಲುಬಿಗೆ ಕಟ್ಟಿ, ಬೆರಳನ್ನು ಬಾಗಿಸುವ ಹುರಿ. ಪುಸ್ತಕದಲ್ಲಿ ಸ್ನಾಯುರಜ್ಜು ಎಂದಿರುತ್ತದೆ. ಹೊನ್ನಾಳಿಯಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದ ಒಬ್ಬ ಡಾಕ್ಟರು ಅದನ್ನು ಹೊಲಿದರು. ನಾಗರಾಜನಿಗೆ ಇಪ್ಪತ್ತಮೂರು ವರ್ಷ. ಅಲ್ಲಿಂದ ಏಳನೆಯ ಸಂಚಿಕೆಗೆ ಅವನು ಮತ್ತೆ ಯಂತ್ರದ ಮುಂದಿದ್ದ.

ಯಜಮಾನರು ತೀರ್ಮಾನಿಸಿದರು: 'ಬಿಸಿ ರಕ್ತದೋರಿಗೆ ಇದು ಆಗಾಕಿಲ್ಲ. ಮುಂದಿನ ವರ್ಷ ಹಿರೇರು ತಾಳ್ಲಿ.'

ಮುಂದಿನ ವರ್ಷ ಕರಿಬಸಪ್ಪನವರು ತಾಳಿದರು. ಅದೇ ಬೋಲ್ಟು, ಅದೇ ಅಲಗು, ಹೆಚ್ಚುಕಡಿಮೆ ಅದೇ ಜಾಗ. ರಕ್ತ ಸುರಿಯುವ ಕೈಯನ್ನು ಪಂಚೆಯ ಚುಂಗಿನಲ್ಲಿ ಒತ್ತಿಕೊಂಡು ಅವರು ಹೇಳಿದ್ದು — 'ನಿಂಬೆಹಣ್ಣು ಕೊಯ್ಯಾಕಿಂತ ಮೊದ್ಲೇ ಬಲಿ ತಗಂತಲ್ರೀ ಇದು!' ನಾವೆಲ್ಲ ನಕ್ಕೆವು.

ಅದೇ ಡಾಕ್ಟರು, ಅದೇ ಹೊಲಿಗೆ. ಹೊರಗಿನ ಚರ್ಮವೂ ನಾಗರಾಜನದು ಕೂಡಿದಷ್ಟೇ ದಿನದಲ್ಲಿ ಕೂಡಿತು. ಗಾಯದ ಗೆರೆ ನೋಡಿದರೆ ಇಬ್ಬರದೂ ಒಂದೇ. ಹಾಗಾಗಿ ನಾಲ್ಕನೆಯ ಸಂಚಿಕೆಯಿಂದಲೇ ಕೆಲಸಕ್ಕೆ ಕೂರುವುದು ಯಾವಾಗ ಎಂದು ಯಜಮಾನರು ಕೇಳಲು ತೊಡಗಿದರು. ಐದನೆಯದಕ್ಕೆ ಮಾತು ಬಿಗಿಯಾಯಿತು. ಕರಿಬಸಪ್ಪನವರು ದಿನಾ ಬಂದು, ಕೇಸಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಬಲಗೈಯಿಂದ ಹಳೆಯ ಮೊಳೆಗಳನ್ನು ಗೂಡಿಗೆ ಹಾಕುತ್ತಿದ್ದರು.

'ಜೋಡ್ಸೋದು ಬಲಗೈ ತಾನೆ? ಎಡಗೈ ಸುಮ್ನೆ ಹಿಡ್ಕಂಡಿರ್ತೈತೆ.'

'ಹಿಡ್ಕಳಾಕೇ ಆಗವಲ್ದು ಯಜಮಾನ್ರೇ. ಒಳಗೆ ಸೂಜಿ ಎಳದಂಗಾಗ್ತೈತೆ.'

'ನಾಗರಾಜಂಗೆ ಏಳು ಸಂಚಿಕೆ. ನಿಂಗೆಷ್ಟು, ಎಪ್ಪತ್ತಾ? ಕುಂತು ಉಣ್ಣೋ ರುಚಿ ಹತ್ತೈತೆ ನೋಡು ಕರಿಬಸಣ್ಣಂಗೆ.'

ಯಾರೋ ನಕ್ಕರು. ನಾನು ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಆ ಡಿಸೆಂಬರಿನಲ್ಲಿ ನಮ್ಮ ಪತ್ರಿಕೆಯ ಹತ್ತನೆಯ ವರ್ಷದ ವಿಶೇಷ ಸಂಚಿಕೆ ಬರಬೇಕಿತ್ತು. ಅದರಲ್ಲಿ ಎಂಟು ಪುಟ ನನ್ನದು — ಸೂಳೆಕೆರೆಯ ನಾಲೆಗಳುದ್ದಕ್ಕೂ ಸೈಕಲ್ಲಿನಲ್ಲಿ ಸುತ್ತಿ ಬರೆದ ದೊಡ್ಡ ಲೇಖನ. ನನ್ನ ಅಕ್ಷರ ಕೆಟ್ಟದು. 'ನಿಮ್ಮ ಬರವಣಿಗಿ ಓದಾಕೆ ಎಲುಬು ಕೂಡ್ಸೋರು ಬೇಕ್ರೀ ರಿಪೋರ್ಟರ್ ಸಾಹೇಬ್ರೇ' ಎನ್ನುತ್ತಲೇ ಓದುತ್ತಿದ್ದವರು ಕರಿಬಸಪ್ಪನವರೊಬ್ಬರು. ಇನ್ನೊಬ್ಬ ಕಂಪೋಸಿಟರ್ ಇದ್ದ. ಅವನ ಕೈಯಲ್ಲಿ ಎಂಟು ಪುಟ ಫೆಬ್ರವರಿಗೂ ಮುಗಿಯುತ್ತಿರಲಿಲ್ಲ. ನನ್ನ ಹೆಸರು ದಪ್ಪ ಮೊಳೆಯಲ್ಲಿ ಬರುವ ಮೊದಲ ಲೇಖನ ಅದು. ಆ ಸಂಚಿಕೆಯನ್ನು ದಾವಣಗೆರೆಯ ದೊಡ್ಡ ಪತ್ರಿಕೆಯವರಿಗೆ ತೋರಿಸುವ ಆಸೆ — ಇತ್ತು. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ನವೆಂಬರಿನ ಕೊನೆಯ ವಾರ ಕರಿಬಸಪ್ಪನವರನ್ನು ಡಾಕ್ಟರಿಗೆ ತೋರಿಸಲು ಹೊನ್ನಾಳಿಗೆ ಕರೆದುಕೊಂಡು ಹೋದವನು ನಾನು. ನನಗೂ ಅಲ್ಲಿ ಒಂದು ಸಭೆಯ ವರದಿ ಇತ್ತು. ಯಜಮಾನರು ಬಸ್ಸು ಹತ್ತಿಸುವಾಗ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, 'ಸರಿಯಾಗಿ ಕೇಳ್ಕಂಡು ಬರ್ರಿ, ಕೆಲ್ಸಕ್ಕೆ ಹಚ್ಚಬಹುದಾ ಇಲ್ವಾ ಅಂತ' ಎಂದರು. ನನ್ನ ಮಾತಿಗೆ ಅಲ್ಲಿ ಬೆಲೆ ಇತ್ತು. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುವವನು ಎಂದು ಹೆಸರಿತ್ತು.

ಡಾಕ್ಟರು ಬೆರಳನ್ನು ಬಾಗಿಸಿ, ಹಿಡಿದು, ಒತ್ತಿ ನೋಡಿದರು. ಪಟ್ಟಿ ಕಟ್ಟಿಸಿಕೊಳ್ಳಲು ಕರಿಬಸಪ್ಪನವರನ್ನು ಒಳಗಿನ ಕೋಣೆಗೆ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತನ್ನು, ನನ್ನ ನೆನಪು ಒಪ್ಪಿಸಿದಷ್ಟು, ಈಗ ಮೊದಲ ಬಾರಿಗೆ ಪೂರ್ತಿ ಬರೆಯುತ್ತಿದ್ದೇನೆ:

'ಬೆರಳು ಆಡಿಸ್ತಾ ಇರ್ಬೇಕು, ಇಲ್ಲಾಂದ್ರೆ ಒಳಗೇ ಅಂಟ್ಕೊಂಡುಬಿಡ್ತೈತೆ. ಆದ್ರೆ ಭಾರ ಹಿಡಿಯೋ ಹಂಗಿಲ್ಲ, ಒತ್ತೋ ಹಂಗಿಲ್ಲ — ಸಂಕ್ರಾಂತಿ ದಾಟ್ಲಿ, ಆಮೇಲೆ ನೋಡಾನ. ಹೋದ ವರ್ಷ ಬಂದಿದ್ನಲ್ಲ ಆ ಹುಡುಗ, ಅವನ ಲೆಕ್ಕ ಇವರಿಗೆ ಹಚ್ಚಬ್ಯಾಡ್ರಿ. ಇಪ್ಪತ್ಮೂರಕ್ಕೆ ಕೂಡಿದಂಗೆ ಐವತ್ತೆಂಟಕ್ಕೆ ಕೂಡಾಕಿಲ್ಲ. ಮೇಲೆ ವಾಸಿ ಆದಂಗೆ ಕಾಣ್ತೈತೆ, ಒಳಗೆ ಇನ್ನೂ ಹಸಿ. ಈಗ ಕಿತ್ರೆ ಮತ್ತೆ ಹೊಲ್ಯಾಕೆ ನನ್ನ ಕೈಲಾಗಲ್ಲ. ಇದನ್ನ ನಿಮ್ಮ ಯಜಮಾನ್ರಿಗೆ ಹೇಳ್ರಿ.'

ನಾನು ತಲೆಯಾಡಿಸಿದೆ.

ಬಸವಾಪಟ್ಟಣದ ಮೇಲೆ ಬರುವ ಬಸ್ಸಿನಲ್ಲಿ ಕರಿಬಸಪ್ಪನವರು ಕಿಟಕಿಯ ಪಕ್ಕ ಕೂತಿದ್ದರು. ಎಡಗೈಯನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದರು. ಕೇಳಿದರು: 'ಡಾಕ್ಟ್ರು ಏನಂದ್ರು?'

'ಬೆರಳು ಆಡಿಸ್ತಾ ಇರ್ಬೇಕಂತೆ. ಸುಮ್ನೆ ಬಿಟ್ರೆ ಒಳಗೇ ಅಂಟ್ಕೊಳ್ಳುತ್ತಂತೆ.'

'ಅಷ್ಟೇನಾ?'

'ಅಷ್ಟೇ.'

ಆ ಎರಡಕ್ಷರದ ಬಗ್ಗೆ ಇಷ್ಟು ವರ್ಷ ಯೋಚಿಸಿದ್ದೇನೆ. ಪತ್ರಿಕೆಯವನು ದಿನವೂ ಮಾಡುವ ಕೆಲಸ ಇದು — ಮಾತನಾಡಿದವರ ಮಾತಿನಲ್ಲಿ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಸ್ಥಳಾಭಾವ ಎಂದು ಕತ್ತರಿಸುವುದು. ಇಟ್ಟುಕೊಂಡ ಭಾಗ ನಿಜವೇ ಆಗಿರುತ್ತದೆ. ಡಾಕ್ಟರು ಹೇಳದ ಒಂದು ಶಬ್ದವನ್ನೂ ನಾನು ಸೇರಿಸಲಿಲ್ಲ. ಕರಿಬಸಪ್ಪನವರು ಮೈಗಳ್ಳತನ ಮಾಡುತ್ತಿದ್ದಾರೆಂದು ಅಲ್ಲಿಯವರೆಗೆ ನಾನೂ ಅನುಮಾನಿಸಿದ್ದೆ, ನಿಜ. ಆದರೆ ಡಾಕ್ಟರ ಮಾತು ಕೇಳಿದ ಮೇಲೂ ಅನುಮಾನವಿತ್ತೆಂದು ಹೇಳುವುದು — ಇಲ್ಲ, ಇರಲಿಲ್ಲ. ತಿಳಿದೇ ಹೇಳಿದೆ.

ಯಜಮಾನರಿಗೂ ಅದೇ ಅರ್ಧವನ್ನು ಹೇಳಿದೆ. ನಾಗರಾಜ ಯಂತ್ರಕ್ಕೆ ಮಸಿ ಹಾಕುತ್ತಾ ಕೇಳಿಸಿಕೊಂಡ. ಮರುದಿನ ಕರಿಬಸಪ್ಪನವರು ಸ್ಟಿಕ್ ಹಿಡಿದರು.

ಹತ್ತು ದಿನ ಜೋಡಿಸಿದರು. ಮೊದಲು ಮಾಡುತ್ತಿದ್ದ ವೇಗದಲ್ಲಿ ಅರ್ಧವೂ ಇರಲಿಲ್ಲ. ಸಾಲು ಉದುರಿದರೆ ಮತ್ತೆ ಜೋಡಿಸುತ್ತಿದ್ದರು. ನಡುವೆ ಕೈ ಕೆಳಗಿಟ್ಟು, ಹೆಬ್ಬೆರಳನ್ನು ಬಲಗೈಯಿಂದ ಮೆಲ್ಲಗೆ ಬಾಗಿಸಿಕೊಳ್ಳುತ್ತಿದ್ದರು. 'ಆಡಿಸ್ಬೇಕಂತಲ್ಲ' ಎಂದು ನನ್ನ ಕಡೆ ನೋಡಿ ಹೇಳುತ್ತಿದ್ದರು. ಆ ಹತ್ತು ದಿನದಲ್ಲಿ ಯಾವ ದಿನವಾದರೂ ನಾನು ಬಾಯಿ ತೆರೆಯಬಹುದಿತ್ತು.

ಡಿಸೆಂಬರ್ 9ರಂದು ನನ್ನ ಲೇಖನದ ಮೊದಲ ನಾಲ್ಕು ಪುಟ ಸಿದ್ಧವಾಯಿತು. ಜೋಡಿಸಿದ ಪುಟಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು ಯಂತ್ರಕ್ಕೆ ಎತ್ತಿ ಇಡಬೇಕು. ಸೀಸದ ಮೊಳೆ, ಕಬ್ಬಿಣ — ಇಬ್ಬರು ಎತ್ತುವಷ್ಟು ಭಾರ. ಇನ್ನೊಬ್ಬ ಕಂಪೋಸಿಟರ್ ಊಟಕ್ಕೆ ಹೋಗಿದ್ದ. ನಾಗರಾಜ ಒಂದು ಕಡೆ ಹಿಡಿದ. ಇನ್ನೊಂದು ಕಡೆ ನಾನೇ ಹಿಡಿಯಬಹುದಿತ್ತು. ನನ್ನ ಕೈಯಲ್ಲಿ ಕರಡು ಪ್ರತಿ ಇತ್ತು. ಕರಿಬಸಪ್ಪನವರು ಹಿಂದೆಮುಂದೆ ನೋಡಿದರು.

'ಇದು ಭಾರ ಐತೆ ಸಾಹೇಬ್ರೇ…'

'ಡಾಕ್ಟ್ರೇ ಆಡಿಸ್ರಿ ಅಂದಾರಲ್ಲ. ಹಿಡೀರಿ.'

ಎದೆಮಟ್ಟ ಬಂದಾಗ ಅವರ ಕಡೆ ಜಾರಿತು. ಜಾರದಂತೆ ಅವರು ಹೆಬ್ಬೆರಳಿನಿಂದ ಅಮುಕಿದರು. ಹುರಿ ಕಿತ್ತದ್ದಕ್ಕೆ ಶಬ್ದವೇನೂ ಆಗಲಿಲ್ಲ. ಆದದ್ದು ಚೌಕಟ್ಟು ನೆಲಕ್ಕೆ ಬಿದ್ದ ಶಬ್ದ. ನಾಲ್ಕು ಪುಟದ ಮೊಳೆ ಕೋಣೆಯ ತುಂಬ ಚೆಲ್ಲಿತು. ಯಜಮಾನರು ಒಳಗಿನಿಂದ ಓಡಿ ಬಂದು ಬೈಯತೊಡಗಿದರು. ನಾನು ಮಂಡಿಯೂರಿ ಮೊಳೆ ಹೆಕ್ಕತೊಡಗಿದೆ. ತಲೆಯೆತ್ತಿದಾಗ ಕರಿಬಸಪ್ಪನವರು ಅಲ್ಲೇ ನಿಂತು ತಮ್ಮ ಹೆಬ್ಬೆರಳನ್ನು ನೋಡುತ್ತಿದ್ದರು. ಅದನ್ನು ಬಾಗಿಸಲು ಪ್ರಯತ್ನಿಸುತ್ತಿದ್ದರೆಂದು ಅವರ ಮುಖದಿಂದ ತಿಳಿಯಿತು. ಬೆರಳು ನೆಟ್ಟಗೆ ಇತ್ತು.

ಮರುದಿನ ಮತ್ತೆ ಹೊನ್ನಾಳಿ. ಈ ಬಾರಿ ಡಾಕ್ಟರು ಅವರನ್ನು ಒಳಗೆ ಕಳಿಸಲಿಲ್ಲ. ಬೆರಳನ್ನು ಬಿಡಿಸಿ ನೋಡಿದ ಮೇಲೆ ಹೇಳಿದರು — ತುದಿಗಳು ಹಿಂದಕ್ಕೆ ಸರಿದಿವೆ, ಎಳೆ ಎಳೆಯಾಗಿವೆ, ನೆನೆದ ಕಾಗದಕ್ಕೆ ದಾರ ಹಾಕಿದರೆ ನಿಲ್ಲುತ್ತದೆಯೇ? ಆಮೇಲೆ ನನ್ನನ್ನು ನೋಡಿದರು.

'ನಾನು ಹೇಳಿದ್ದನ್ನ ಹೇಳಿದ್ರೇನ್ರೀ ನೀವು?'

ಕರಿಬಸಪ್ಪನವರು ನನ್ನ ಪಕ್ಕದ ಕುರ್ಚಿಯಲ್ಲಿದ್ದರು.

'ಹೇಳಿದ್ದೆ' ಎಂದೆ.

ಮೊದಲನೆಯದು ಮುಚ್ಚಿಟ್ಟದ್ದು. ಇದು ಸುಳ್ಳು. ಹೇಳದೆ ಬಿಟ್ಟ ಮಾತೊಂದು ಇತ್ತು ಎಂದು ಕರಿಬಸಪ್ಪನವರಿಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಅವರು ನನ್ನ ಕಡೆ ತಿರುಗಲಿಲ್ಲ. ಡಾಕ್ಟರಿಗೇ ಹೇಳಿದರು:

'ಹೇಳಿದ್ರು ಸ್ವಾಮಿ. ನಾನೇ ಕೇಳ್ಲಿಲ್ಲ.'

ಕರಿಬಸಪ್ಪನವರೇ, ಯಾಕೆ ಹಾಗೆಂದಿರಿ? ಅವತ್ತು ಬಸ್ಸಿನಲ್ಲಿ ಕೇಳಬೇಕೆಂದುಕೊಂಡೆ. ನೀವು ಕಣ್ಣು ಮುಚ್ಚಿಕೊಂಡಿದ್ದಿರಿ. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಆ ವರ್ಷದ ಕೊನೆಗೆ ಅವರು ಕೆಲಸ ಬಿಟ್ಟರು. ಬಿಟ್ಟರು ಎಂದೇ ದಾಖಲೆಯಲ್ಲಿದೆ. ಕರಡು ತಿದ್ದುವ ಕೆಲಸ ಅವರಿಗೆ ಕೊಡಬಹುದಿತ್ತು — ನಾನು ಬಿಟ್ಟುಕೊಟ್ಟಿದ್ದರೆ. ಹೆಂಡತಿ ಗಂಗಮ್ಮನವರೊಂದಿಗೆ ನ್ಯಾಮತಿಗೆ ಹೋದರು. ವಿಶೇಷ ಸಂಚಿಕೆ ಜನವರಿಯಲ್ಲಿ ಬಂತು. ನನ್ನ ಲೇಖನ ಎಂಟರ ಬದಲು ಮೂರು ಪುಟ ಬಂತು. ದಾವಣಗೆರೆಯವರಿಗೆ ಕಳಿಸಿದೆ. ಉತ್ತರ ಬರಲಿಲ್ಲ.

ಇದು ಇಲ್ಲಿಗೆ ನಿಂತಿದ್ದರೂ ಒಂದು ಮಾತಿತ್ತು. ನಿಲ್ಲಲಿಲ್ಲ.

1981ರಲ್ಲಿ ಅದೇ ಡಾಕ್ಟರು ಚನ್ನಗಿರಿಗೆ ಒಂದು ಉಪನ್ಯಾಸಕ್ಕೆ ಬಂದರು. ಕೆಲಸಗಾರರ ಕೈಕಾಲಿನ ಗಾಯಗಳ ವಿಷಯ. ವರದಿಗೆ ಹೋದವನು ನಾನು. ಅವರು ಸರಳವಾಗಿ ವಿವರಿಸಿದರು — ಈ ಹುರಿಗೆ ರಕ್ತದ ಹರಿವು ಮೊದಲೇ ಕಡಿಮೆ, ವಯಸ್ಸಾದ ಹಾಗೆ ಇನ್ನೂ ಕಡಿಮೆ. ಗಾಯ ಕೂಡಿಸುವ ಹೊಸ ಎಳೆಗಳು ಪ್ರಾಯದವರಲ್ಲಿ ಬೇಗ ಹುಟ್ಟಿ ಸಾಲಾಗಿ ನಿಲ್ಲುತ್ತವೆ. ಮುಪ್ಪಿನ ಕಡೆ ಹೊರಟವರಲ್ಲಿ ನಿಧಾನವಾಗಿ ಹುಟ್ಟಿ ಅಡ್ಡಾದಿಡ್ಡಿ ಬೀಳುತ್ತವೆ, ಅಕ್ಕಪಕ್ಕಕ್ಕೆ ಅಂಟಿಕೊಳ್ಳುತ್ತವೆ. ಕೂಡುವುದಿಲ್ಲ ಅಂತಲ್ಲ, ಕೂಡುತ್ತದೆ, ಆದರೆ ಅದಕ್ಕೆ ಬೇಕಾದಷ್ಟು ದಿನ ಕೊಡಬೇಕು. ಕೊಟ್ಟರೂ ಮೊದಲಿನ ಬಲ ಪೂರ್ತಿ ಬರುವುದು ಕಷ್ಟ. ಕೊನೆಗೆ ಒಂದು ಉದಾಹರಣೆ ಕೊಟ್ಟರು: ಇದೇ ಊರಿನ ಒಬ್ಬ ಹಿರಿಯ ಅಚ್ಚಿನ ಕೆಲಸಗಾರ, ಸ್ಪಷ್ಟವಾಗಿ ಹೇಳಿ ಕಳಿಸಿದ್ದರೂ ಕೇಳದೆ ಭಾರ ಎತ್ತಿ ಹೆಬ್ಬೆರಳು ಕಳೆದುಕೊಂಡ.

ಡಾಕ್ಟರು ತಮಗೆ ತಿಳಿದದ್ದನ್ನು ಹೇಳಿದರು. ತಿಳಿಸಿದವನು ನಾನು.

ನಾನು ಉಪನ್ಯಾಸವನ್ನು ಪೂರ್ತಿ ಬರೆದುಕೊಟ್ಟೆ, ಉದಾಹರಣೆ ಸಮೇತ. ಬಿಡಬಹುದಿತ್ತು. ಬಿಟ್ಟರೆ ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳುತ್ತಾರೆ ಎನಿಸಿತು. ಅಷ್ಟು ಹೊತ್ತಿಗೆ ನಾಗರಾಜ ಮೊಳೆ ಜೋಡಿಸಲೂ ಕಲಿತಿದ್ದ. ಆ ಪುಟ ಅವನ ಕೈಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹಸ್ತಪ್ರತಿ ಹಿಡಿದು ನನ್ನ ಮೇಜಿಗೆ ಬಂದ.

'ಸಾರ್, ಅವತ್ತು ನೀವು ಹಿಂಗೆ ಹೇಳಿರ್ಲಿಲ್ಲ. ಆಡಿಸ್ಬೇಕಂತೆ ಅಂದ್ರಿ. ಭಾರದ ಮಾತು ಬರ್ಲೇ ಇಲ್ಲ. ನಾನಿದ್ದೆ.'

'ಬರೆದಷ್ಟು ಜೋಡ್ಸು.'

ಅವನು ಜೋಡಿಸಿದ. ಒಂದು ಅಕ್ಷರವೂ ತಪ್ಪಿರಲಿಲ್ಲ. ತಿಂಗಳು ತುಂಬುವ ಮೊದಲು ಕೆಲಸ ಬಿಟ್ಟು ಜಗಳೂರಿಗೆ ಹೋದ.

1985ರಲ್ಲಿ ನಮ್ಮ ಪತ್ರಿಕೆ ನಿಂತಿತು. 1988ರ ಕೊನೆಯಲ್ಲಿ ಬೇರೆ ಕೆಲಸದ ಮೇಲೆ ಜಗಳೂರಿಗೆ ಹೋದಾಗ ನಾಗರಾಜನ ಸಣ್ಣ ಅಚ್ಚುಕೂಟ ಹುಡುಕಿಕೊಂಡು ಹೋದೆ. ಲಗ್ನಪತ್ರಿಕೆ ಅಚ್ಚಾಗುತ್ತಿತ್ತು. ಮಾತನಾಡುವಾಗ ಅವನ ಎಡಗೈಯನ್ನೇ ನೋಡುತ್ತಿದ್ದೆ. ಅದು ಅವನಿಗೂ ಗೊತ್ತಾಯಿತು. ಹೆಬ್ಬೆರಳನ್ನು ಎರಡು ಸಲ ಬಾಗಿಸಿ ತೋರಿಸಿದ.

'ನಂದು ಚೊಲೋ ಐತೆ ಸಾರ್. ನೋಡಾಕೆ ಬಂದಿದ್ದು ಇದನ್ನಲ್ಲ ನೀವು.' ಯಂತ್ರದತ್ತ ತಿರುಗುತ್ತಾ, 'ಕರಿಬಸಣ್ಣಾರು ನ್ಯಾಮತ್ಯಾಗೇ ಅದಾರೆ. ಹೋಗಿ ಬರ್ರಿ. ಬರೀ ಚಾ ಕುಡ್ದು ಬರಬ್ಯಾಡ್ರಿ ಮತ್ತೆ' ಎಂದ.

ಈ ವರ್ಷ, 1989ರ ಮಾರ್ಚಿನಲ್ಲಿ, ಹೋದೆ. ಚಹಾ ಕುಡಿದು ಬಂದೆ.

ಕರಿಬಸಪ್ಪನವರಿಗೆ ಎಪ್ಪತ್ತರ ಸಮೀಪ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ ಬನಿಯನ್ನಿನಲ್ಲೇ ಇರುತ್ತಾರೆ. ಲೋಟವನ್ನು ಬಲಗೈಯಲ್ಲಿ ಕೊಟ್ಟರು; ಎಡಗೈ ಕೆಳಗೆ ಆನಿಸಿತ್ತು, ಹೆಬ್ಬೆರಳು ಕಡ್ಡಿಯಂತೆ ಹೊರಗೆ ಚಾಚಿತ್ತು. ನನ್ನನ್ನು ಕಂಡು ಅವರಿಗೆ ಸಂತೋಷವಾಯಿತು — ಹಾಗೆ ಕಂಡಿತು. 'ಈಗ ಯಾರು ಓದ್ತಾರ್ರೀ ನಿಮ್ಮ ಅಕ್ಷರಾನ?' ಎಂದು ಕೇಳಿದರು. ಗಂಗಮ್ಮನವರು ಮಂಡಕ್ಕಿ ತಂದಿಟ್ಟು, ನನ್ನ ಎದುರಿಗೇ ಕೂತು, ಗಂಡನ ಮೇಲೆ ದೂರು ಹೇಳಿದರು.

'ನೀವಾದ್ರೂ ಅವತ್ತೇ ಎರಡು ಬಿಗೀಬೇಕಿತ್ತಲ್ರೀ ಇವರಿಗೆ. ಡಾಕ್ಟ್ರು ಅಷ್ಟು ಹೇಳಿದ್ರೂ ಕಬ್ಬಿಣ ಎತ್ತಾಕೆ ಹೋದ್ರಂತೆ. ಹನ್ನೊಂದು ವರ್ಷದಿಂದ ಬೈತಾನೇ ಇದೀನಿ. ಒಂದಿನಾನಾದ್ರೂ ಎದುರುಮಾತಾಡಿದ್ರೆ ಕೇಳ್ರಿ! ತಪ್ಪು ಮಾಡ್ದೋರಿಗೆ ಬಾಯೆಲ್ಲಿರ್ತೈತೆ?'

ಕರಿಬಸಪ್ಪನವರು ಮಂಡಕ್ಕಿಯೊಳಗಿನ ಮೆಣಸಿನಕಾಯಿ ಹೆಕ್ಕಿ ಪಕ್ಕಕ್ಕಿಡುತ್ತಿದ್ದರು.

ಅವರು ಡಾಕ್ಟರಿಗೆ ಹೇಳಿದ ಒಂದು ಮಾತು ಅಲ್ಲಿಗೇ ಮುಗಿದಿತ್ತು ಎಂದು ನಾನು ತಿಳಿದಿದ್ದೆ. ಅದನ್ನು ಅವರು ಮನೆಗೂ ಹೊತ್ತುಕೊಂಡು ಹೋಗಿದ್ದರು. ಬೆರಳು ಹೋದದ್ದು ಒಂದು ದಿನ; ಕೇಳದವನು, ಹಟಮಾರಿ, ತನ್ನ ಕೈ ತಾನೇ ಕಳೆದುಕೊಂಡವನು ಎಂಬ ಮಾತು ಅವರ ಮನೆಯಲ್ಲಿ ಪ್ರತಿದಿನ. ನಾನು ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದೆ.

ಮನೆಗೆ ಬಂದು ಇದನ್ನು ಬರೆದೆ. ಬರೆದ ಮೇಲೆ ನೆನಪಾಯಿತು — ಗಂಗಮ್ಮನವರಿಗೆ ಓದು ಬರುವುದಿಲ್ಲ. ಅಚ್ಚಾಗಿ ಬಂದರೆ ಅವರಿಗೆ ಓದಿ ಹೇಳಬೇಕಾದವರು ಕರಿಬಸಪ್ಪನವರು. ಅವರು ಯಾವ ಭಾಗ ಬಿಟ್ಟು ಓದುತ್ತಾರೆಂದು ನನಗೆ ಗೊತ್ತು. ಹಾಗಾಗಿ ಅಚ್ಚಿಗೆ ಕೊಡುವ ಮೊದಲು, ಮೇ ತಿಂಗಳ ಎರಡನೆಯ ಭಾನುವಾರ, ಹಸ್ತಪ್ರತಿ ತೆಗೆದುಕೊಂಡು ಮತ್ತೆ ನ್ಯಾಮತಿಗೆ ಹೋದೆ. ಇಬ್ಬರನ್ನೂ ಕೂರಿಸಿಕೊಂಡು ನಾನೇ ಓದಿದೆ. ಇಲ್ಲಿಯವರೆಗೆ ಬರೆದದ್ದರಲ್ಲಿ ಒಂದು ಸಾಲನ್ನೂ ಬಿಡಲಿಲ್ಲ. 'ಅಷ್ಟೇ' ಎಂಬಲ್ಲಿಗೆ ಬಂದಾಗ ಕರಿಬಸಪ್ಪನವರು, 'ಸಾಕು ಬಿಡ್ರಿ ಸಾಹೇಬ್ರೇ, ಹಳೇದು' ಎಂದರು. ಗಂಗಮ್ಮನವರು, 'ಓದ್ರಿ' ಎಂದರು.

ಓದಿ ಮುಗಿಸಿದ ಮೇಲೆ ಗಂಗಮ್ಮನವರು ನನ್ನನ್ನು ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ಗಂಡನ ಕಡೆ ತಿರುಗಿ ಕೇಳಿದರು:

'ನನಗ್ಯಾಕ್ರೀ ಹೇಳ್ಲಿಲ್ಲ?'

ನಾನು ಇನ್ನೂ ಅರ್ಧ ಗಂಟೆ ಅಲ್ಲಿದ್ದೆ. ಅವರು ಅದನ್ನೇ ಮೂರು ಸಲ ಕೇಳಿದರು. ನಾನು ಹೊರಡುವವರೆಗೆ ಕರಿಬಸಪ್ಪನವರು ಉತ್ತರ ಕೊಟ್ಟಿರಲಿಲ್ಲ.